ಅಸುರಕ್ಷಿತ ಚುಚ್ಚುಮದ್ದು

ಔಷಧ, ಲಸಿಕೆ, ಅರಿವಳಿಕೆ ಅಥವಾ ದ್ರವವನ್ನು ಸೂಜಿಯ ಮೂಲಕ ದೇಹದೊಳಕ್ಕೆ ಸೇರಿಸುವಾಗ ಶುದ್ಧತೆಯ ನಿಯಮಗಳು ತಪ್ಪಿ, ಅದರಿಂದ ರೋಗಿಗಾಗಲಿ ಚುಚ್ಚುವವರಿಗಾಗಲಿ ಸುತ್ತಲಿನ ಜನರಿಗಾಗಲಿ ಸೋಂಕು ತಗಲುವ ಸಂಭವವಿದ್ದರೆ ಅಂಥ ಚುಚ್ಚುಮದ್ದನ್ನು ಅಸುರಕ್ಷಿತ ಚುಚ್ಚುಮದ್ದು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಮಗ್ಗುಲು ಬದಲಿಸಿ ಹೇಳುತ್ತದೆ: ಪಡೆಯುವವರಿಗೆ ಹಾನಿ ಮಾಡದ, ಕೊಡುವವರನ್ನು ತಪ್ಪಿಸಬಹುದಾದ ಅಪಾಯಕ್ಕೆ ಒಡ್ಡದ, ಸಮುದಾಯಕ್ಕೆ ಕೇಡು ತರುವ ತ್ಯಾಜ್ಯವನ್ನು ಉಳಿಸದ ಚುಚ್ಚುಮದ್ದು ಸುರಕ್ಷಿತ, ಈ ಮೂರರಲ್ಲಿ ಒಂದು ತಪ್ಪಿದರೂ ಅದು ಅಸುರಕ್ಷಿತ.

ಆಡುಮಾತಿನ ‘ಸೂಜಿ’, ‘ಸೂಜಿಮದ್ದು’, ‘ಇಂಜೆಕ್ಷನ್’ ಎಂಬ ಮಾತುಗಳೆಲ್ಲಕ್ಕೂ ಈ ಲೇಖನದಲ್ಲಿ ಹೆಚ್ಚಾಗಿ ‘ಚುಚ್ಚುಮದ್ದು’ ಎಂಬ ಒಂದೇ ಪದವನ್ನು ಬಳಸಿದೆ. ಸ್ನಾಯು, ಚರ್ಮದಡಿ, ಅಭಿಧಮನಿ, ಕೀಲು, ಬೆನ್ನುಹುರಿಯ ಸುತ್ತಲಿನ ಭಾಗ, ಇವುಗಳಲ್ಲಿ ಎಲ್ಲಿಗೆ ಚುಚ್ಚಿದರೂ, ಜನ ‘ಡ್ರಿಪ್ಸ್’ ಅಥವಾ ‘ಗ್ಲೂಕೋಸ್ ಹಾಕಿಸುವುದು’ ಎನ್ನುವ ದ್ರಾವಣವಾದರೂ ಅದರ ವ್ಯಾಪ್ತಿಗೆ ಬರುತ್ತದೆ. ರಕ್ತ ಮರುಪೂರಣ ಮತ್ತು ಮಾದಕ ವ್ಯಸನಿಗಳು ಸೂಜಿ ಹಂಚಿಕೊಳ್ಳುವುದು ಬೇರೆ ವಿಷಯಗಳಾದ್ದರಿಂದ ಅವನ್ನು ಇಲ್ಲಿ ಬಿಟ್ಟಿದೆ.

ಹಿನ್ನೆಲೆ

ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ 1844ರಲ್ಲಿ ಟೊಳ್ಳು ಸೂಜಿಯಿಂದ ನೋವಿನ ಜಾಗಕ್ಕೆ ಔಷಧ ಇಳಿಸಿದ ಮೇಲೆ, 1853ರ ವೇಳೆಗೆ ಫ್ರಾನ್ಸಿನ ಶಾರ್ಲ್ ಪ್ರಾವಾಜ್ ಮತ್ತು ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಬೇರೆಬೇರೆಯಾಗಿ ಸಿರಿಂಜನ್ನು ಬಳಕೆಗೆ ತಂದರು. ರೋಗಾಣುಗಳ ಸಿದ್ಧಾಂತ ಇನ್ನೂ ನೆಲೆಗೊಳ್ಳದಿದ್ದ ಕಾಲವಾದ್ದರಿಂದ, ಚರ್ಮವೆಂಬ ದೇಹದ ಮೊದಲ ಗೋಡೆಯನ್ನು ದಾಟಿ ಒಳಹೋಗುವ ಈ ಉಪಕರಣವನ್ನು ಒಬ್ಬರಿಂದ ಇನ್ನೊಬ್ಬರಿಗೆ ಬಳಸುವ ಮುನ್ನ ಕ್ರಿಮಿಶುದ್ಧಗೊಳಿಸಬೇಕೆಂಬ ಅರಿವು ಆಗ ಇರಲಿಲ್ಲ.

ಚುಚ್ಚಿದ ವಸ್ತುವಿನಿಂದ ಗುಂಪು ಗುಂಪಾಗಿ ಕಾಮಾಲೆ ಹರಡಿದ ಮೊದಲ ದಾಖಲೆ ಜರ್ಮನಿಯ ಬ್ರೆಮೆನ್ ನಗರದ್ದು. 1883ರಲ್ಲಿ ಅಲ್ಲಿನ ಹಡಗುಕಟ್ಟೆಯ 1,289 ಕೆಲಸಗಾರರಿಗೆ ಮಾನವ ದುಗ್ಧರಸದಿಂದ ಮಾಡಿದ ಸಿಡುಬಿನ ಲಸಿಕೆ ಹಾಕಲಾಯಿತು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ 191 ಮಂದಿಗೆ ಕಾಮಾಲೆ ಬಂತು. ಲ್ಯೂರ್ಮನ್ ಎಂಬ ವೈದ್ಯಾಧಿಕಾರಿ 1885ರಲ್ಲಿ ಪ್ರಕಟಿಸಿದ ಈ ವರದಿಯಲ್ಲಿ, ಲಸಿಕೆ ಹಾಕಿಸಿಕೊಳ್ಳದ ಕೆಲಸಗಾರರಿಗೆ ಕಾಮಾಲೆ ತಗಲಲಿಲ್ಲವೆಂಬ ಹೋಲಿಕೆಯೂ ಇದೆ. ಹೆಪಟೈಟಿಸ್ ಬಿ ವೈರಾಣು ಪತ್ತೆಯಾಗಲು ಇನ್ನೂ 80 ವರ್ಷ ಉಳಿದಿತ್ತು.

ಭಾರತದ ಉಪಖಂಡದಲ್ಲಿ ಇಂಥ ಮೊದಲ ದೊಡ್ಡ ದುರಂತ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ, 1902ರ ಅಕ್ಟೋಬರ್ 30ರಂದು ನಡೆಯಿತು. ಬೊಂಬಾಯಿಯ ಪ್ರಯೋಗಾಲಯದಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ತಯಾರಿಸಿದ ಪ್ಲೇಗ್ ಲಸಿಕೆಯನ್ನು ಅಂದು 107 ಜನರಿಗೆ ಚುಚ್ಚಲಾಯಿತು. ಅವರಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು, ಉಳಿದ ಸೀಸೆಗಳ ಲಸಿಕೆ ಪಡೆದವರಿಗೆ ಏನೂ ಆಗಲಿಲ್ಲ. ಸರ್ಕಾರಿ ವಿಚಾರಣೆ ಪ್ರಯೋಗಾಲಯದ ಕಡೆಗೆ ಬೆರಳು ತೋರಿದ್ದರಿಂದ ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ ಗ್ರಾಮದಲ್ಲಿ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದ ಚಿಮುಟವನ್ನು ಸರಿಯಾಗಿ ಶುದ್ಧಗೊಳಿಸದೆ ಅದರಿಂದಲೇ ಬಿರಡೆ ತೆಗೆದದ್ದು ಆಮೇಲೆ ಹೊರಬಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದ ಮೇಲೆ 1907ರಲ್ಲಿ ಹಾಫ್‌ಕಿನ್ ದೋಷಮುಕ್ತರಾದರು. ತಪ್ಪು ಯಾವ ಹಂತದಲ್ಲಿ ಆಯಿತೆಂದು ಹುಡುಕುವುದಕ್ಕೆ ಮೊದಲು ತಪ್ಪಿತಸ್ಥನನ್ನು ಗೊತ್ತುಮಾಡುವ ಈ ಕ್ರಮ ಮುಂದಿನ ನೂರು ವರ್ಷಗಳ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಆಸ್ಟ್ರೇಲಿಯದ ಬಂಡಬರ್ಗ್‌ನಲ್ಲಿ 1928ರ ಜನವರಿಯಲ್ಲಿ ಗಂಟಲಮಾರಿಯ ಲಸಿಕೆ ಪಡೆದ 21 ಮಕ್ಕಳಲ್ಲಿ 12 ಮಕ್ಕಳು ಸತ್ತರು. ರಬ್ಬರ್ ಮುಚ್ಚಳದ ಸೀಸೆಯಲ್ಲಿ ಸಂರಕ್ಷಕ ರಾಸಾಯನಿಕ ಇರಲಿಲ್ಲ. ಹಿಂದೆ ಅದೇ ಸೀಸೆಗೆ ಸೂಜಿ ಚುಚ್ಚಿದಾಗ ಒಳಹೊಕ್ಕ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯ ಬೇಸಿಗೆಯ ಶಾಖದಲ್ಲಿ ಬೆಳೆದಿತ್ತು. ಹಲವರಿಗೆ ಬಳಸುವ ಸೀಸೆಗಳಲ್ಲಿ ಸಂರಕ್ಷಕ ಇರಲೇಬೇಕೆಂದು ಅಲ್ಲಿನ ವಿಚಾರಣಾ ಆಯೋಗ ಹೇಳಿತು.

ಎರಡನೆಯ ಮಹಾಯುದ್ಧದ ನಂತರ ಪೆನಿಸಿಲಿನ್ ಅಗ್ಗವಾಗಿ ಸಿಗತೊಡಗಿದಾಗ ಚುಚ್ಚುಮದ್ದಿನ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಏರಿತು. ಸೂಜಿಯೆಂದರೆ ಬೇಗ ಗುಣವಾಗುವ ಚಿಕಿತ್ಸೆ ಎಂಬ ನಂಬಿಕೆ ಏಷ್ಯ, ಆಫ್ರಿಕಗಳ ಹಳ್ಳಿಗಳಲ್ಲಿ ಬೇರೂರಿದ್ದು ಈ ಕಾಲದಲ್ಲೇ. ಗಾಜಿನ ಸಿರಿಂಜನ್ನು ಬಿಸಿನೀರಿನಲ್ಲಿ ಕುದಿಸಿ ಮತ್ತೆ ಬಳಸುವುದು ವಾಡಿಕೆಯಾಗಿತ್ತು. ಕುದಿಸುವುದರಿಂದ ಬ್ಯಾಕ್ಟೀರಿಯಗಳ ಬೀಜಕಗಳು ಸಾಯುವುದಿಲ್ಲವಾದ್ದರಿಂದ, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವ ಆಟೋಕ್ಲೇವ್ ಭರವಸೆಯ ವಿಧಾನವಾಗಿತ್ತು. 1950ರ ದಶಕದ ನಡುವೆ ಒಮ್ಮೆ ಬಳಸಿ ಎಸೆಯುವ ಸಿರಿಂಜುಗಳು ಬಂದವು. ಆದರೆ ಪ್ಲಾಸ್ಟಿಕ್ ಸಿರಿಂಜು ಆಟೋಕ್ಲೇವ್‌ನ ಶಾಖವನ್ನು ತಾಳದು. ಬಡ ಚಿಕಿತ್ಸಾಲಯಗಳಲ್ಲಿ ಅದನ್ನೂ ತೊಳೆದು ಮರುಬಳಸಿದಾಗ, ಕುದಿಸಿದ ಗಾಜಿನ ಸಿರಿಂಜಿಗೆ ಇದ್ದಷ್ಟು ರಕ್ಷಣೆಯೂ ಇಲ್ಲವಾಯಿತು.

ಸೋಂಕು ದಾಟುವ ಬಗೆ

ಸಿರಿಂಜಿಗೆ ಮೂರು ಭಾಗಗಳಿವೆ: ಸೂಜಿ, ಔಷಧ ತುಂಬುವ ಕೊಳವೆ, ಮತ್ತು ಅದನ್ನು ಒತ್ತುವ ದಂಡ. ಸೂಜಿಯನ್ನು ಹೊರಗೆ ಎಳೆದುಕೊಳ್ಳುವಾಗ ಇಲ್ಲವೇ ಸೂಜಿಯನ್ನು ಕೊಳವೆಯಿಂದ ಬಿಡಿಸುವಾಗ ಉಂಟಾಗುವ ಹಿಂಸೆಳೆತದಿಂದ ಕಣ್ಣಿಗೆ ಕಾಣದಷ್ಟು ರಕ್ತ ಕೊಳವೆಯ ಒಳಕ್ಕೆ ಬರುತ್ತದೆ. ಸೂಜಿ ಬದಲಿಸಿದರೆ ಸಾಕು, ಸಿರಿಂಜು ಅದೇ ಇರಲಿ ಎಂಬ ತಿಳಿವಳಿಕೆ ತಪ್ಪಾಗುವುದು ಇಲ್ಲಿಯೇ. ಹೊಸ ಸೂಜಿಯನ್ನು ಕಂಡು ರೋಗಿಗೂ ನಂಬಿಕೆ ಬರುವುದರಿಂದ ಈ ತಪ್ಪು ಬಹುಕಾಲ ಬಯಲಾಗದೆ ಉಳಿಯುತ್ತದೆ.

ಎರಡನೆಯ ದಾರಿ ಔಷಧದ ಸೀಸೆ, ಎಂದರೆ ವಯಲ್. ಒಬ್ಬರಿಗೆ ಚುಚ್ಚಿದ ಸಿರಿಂಜಿನಿಂದಲೇ ಎರಡನೆಯ ಬಾರಿ ಔಷಧ ತೆಗೆದುಕೊಂಡರೆ ಸೀಸೆಯಲ್ಲಿ ಉಳಿದ ಔಷಧ ಮಲಿನವಾಗುತ್ತದೆ. ಅನಂತರ ಬರುವ ರೋಗಿಗೆ ಸಂಪೂರ್ಣ ಹೊಸ ಸಿರಿಂಜು, ಹೊಸ ಸೂಜಿ ಬಳಸಿದರೂ ಸೋಂಕು ಸೀಸೆಯಿಂದ ಬರುತ್ತದೆ. ಅಮೆರಿಕದ ಲಾಸ್ ವೇಗಸ್‌ನ ಎಂಡೋಸ್ಕೋಪಿ ಚಿಕಿತ್ಸಾಲಯವೊಂದರಲ್ಲಿ 2008ರಲ್ಲಿ ಬೆಳಕಿಗೆ ಬಂದ ಹೆಪಟೈಟಿಸ್ ಸಿ ಸೋಂಕು ಹೀಗೆ ಹರಡಿದ್ದು. ಅಲ್ಲಿ ಒಬ್ಬ ರೋಗಿಗೆ ಮಾತ್ರ ಬಳಸಬೇಕಾದ ಅರಿವಳಿಕೆ ಔಷಧದ ಸೀಸೆಯಲ್ಲಿ ಮಿಕ್ಕದ್ದನ್ನು ಮುಂದಿನವರಿಗೆ ಬಳಸುತ್ತಿದ್ದರು. 60,000ಕ್ಕೂ ಹೆಚ್ಚು ಜನರಿಗೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರೆಂದು ಪತ್ರ ಹೋಯಿತು. ದುಬಾರಿ ಆಸ್ಪತ್ರೆಗಳ ದೇಶದಲ್ಲಿ ನಡೆದ ಈ ಪ್ರಕರಣ, ಬಡತನವೊಂದರಿಂದಲೇ ಸಮಸ್ಯೆಯನ್ನು ವಿವರಿಸಲಾಗದೆಂಬುದಕ್ಕೆ ಸಾಕ್ಷಿ.

ಮೂರನೆಯದು ಹಲವರಿಗೆ ಹಂಚಿಕೆಯಾಗುವ ದ್ರಾವಣದ ಬಾಟಲಿ ಮತ್ತು ಅದರ ಕೊಳವೆ. ಅಭಿಧಮನಿಗೆ ಹಾಕಿದ ತೂರುನಳಿಗೆಯನ್ನು ತೊಳೆಯಲು ಒಂದೇ ಬಾಟಲಿಯ ಉಪ್ಪುನೀರನ್ನು ವಾರ್ಡಿನ ಎಲ್ಲರಿಗೂ ಬಳಸುವುದು ಇದಕ್ಕೆ ಉದಾಹರಣೆ. ನಾಲ್ಕನೆಯದು ತಯಾರಿಕೆಯ ಹಂತದ ಮಾಲಿನ್ಯ. ಕೊನೆಯದು ಚುಚ್ಚುವವರ ಕೈ, ರೋಗಿಯ ಚರ್ಮ ಮತ್ತು ಔಷಧ ಸಿದ್ಧಪಡಿಸುವ ಮೇಜು.

ವೈರಾಣುಗಳ ಬಾಳಿಕೆ ಅಪಾಯವನ್ನು ಹೆಚ್ಚಿಸುತ್ತದೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಸೋಂಕು ತಗಲಿಸುವ ಶಕ್ತಿ ಉಳಿಸಿಕೊಳ್ಳುತ್ತದೆ. ಹೆಪಟೈಟಿಸ್ ಸಿ ವೈರಾಣು ಸಿರಿಂಜಿನೊಳಗೆ ವಾರಗಟ್ಟಲೆ ಬದುಕಿರುವುದನ್ನು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಸೋಂಕಿತರ ರಕ್ತವಿರುವ ಸೂಜಿ ಒಮ್ಮೆ ಚುಚ್ಚಿಕೊಂಡರೆ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 30ರವರೆಗೆ, ಹೆಪಟೈಟಿಸ್ ಸಿ ತಗಲುವ ಸಂಭವ ನೂರಕ್ಕೆ ಸುಮಾರು 2, ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು 3.

ಹಾನಿಯ ಬಗೆಗಳು

ತಕ್ಷಣ ಕಾಣುವ ಹಾನಿಗಳನ್ನು ಗುರುತಿಸುವುದು ಸುಲಭ. ಚುಚ್ಚಿದ ಜಾಗದಲ್ಲಿ ಕೀವುಗಡ್ಡೆ ಕಟ್ಟುವುದು, ಧನುರ್ವಾಯು, ರಕ್ತದಲ್ಲಿ ಬ್ಯಾಕ್ಟೀರಿಯ ಹರಡಿ ಅಂಗಾಂಗಗಳು ಸೋಲುವ ರಕ್ತನಂಜು, ಇವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ. ದಕ್ಷಿಣ ಸುಡಾನಿನ ಕಪೋಯೆಟ ಪ್ರದೇಶದಲ್ಲಿ 2017ರ ಮೇ ತಿಂಗಳಲ್ಲಿ ದಡಾರದ ಲಸಿಕೆ ಪಡೆದ 15 ಮಕ್ಕಳು ರಕ್ತನಂಜಿನಿಂದ ಸತ್ತರು. ಲಸಿಕೆಯನ್ನು ಕಲಸಲು ನಾಲ್ಕು ದಿನವೂ ಒಂದೇ ಸಿರಿಂಜು ಬಳಸಲಾಗಿತ್ತು, ಲಸಿಕೆಯನ್ನು ತಂಪಿನಲ್ಲಿ ಇಟ್ಟಿರಲಿಲ್ಲ, ಹನ್ನೆರಡು ವರ್ಷದಷ್ಟು ಚಿಕ್ಕವರನ್ನೂ ಚುಚ್ಚುವ ಕೆಲಸಕ್ಕೆ ಹಚ್ಚಲಾಗಿತ್ತು.

ನಿಧಾನವಾಗಿ ಕಾಣುವ ಹಾನಿ ಸಂಖ್ಯೆಯಲ್ಲಿ ಇದಕ್ಕಿಂತ ಎಷ್ಟೋ ದೊಡ್ಡದು. ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳು ಹತ್ತಿಪ್ಪತ್ತು ವರ್ಷ ಲಕ್ಷಣವಿಲ್ಲದೆ ಉಳಿದು ಆಮೇಲೆ ಯಕೃತ್ತು ಗಡುಸಾಗುವ ಸಿರೋಸಿಸ್ ರೋಗಕ್ಕೂ ಯಕೃತ್ತಿನ ಕ್ಯಾನ್ಸರಿಗೂ ಎಡೆಮಾಡಿಕೊಡುತ್ತವೆ. ಆ ಹೊತ್ತಿಗೆ ರೋಗಿಗೆ ಯಾವ ಚಿಕಿತ್ಸಾಲಯದ ಯಾವ ಸೂಜಿ ಎಂಬುದು ನೆನಪಿರುವುದಿಲ್ಲ. ವೈದ್ಯಕೀಯ ದಾಖಲೆಯೂ ಇರುವುದಿಲ್ಲ.

ಇನ್ನೊಂದು ಬಗೆಯ ಹಾನಿಗೆ ಶುದ್ಧ ಸೂಜಿಯೂ ಕಾರಣವಾಗಬಲ್ಲದು. ಪೋಲಿಯೊ ವೈರಾಣು ಆಗಲೇ ದೇಹದಲ್ಲಿದ್ದ ಮಗುವಿನ ಸ್ನಾಯುವಿಗೆ ಚುಚ್ಚಿದಾಗ ಅದೇ ಕೈ ಅಥವಾ ಕಾಲಿಗೆ ಪಾರ್ಶ್ವವಾಯು ಬರುವುದನ್ನು 1950ರಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ಇದಕ್ಕೆ ‘ಪ್ರಚೋದಿತ ಪೋಲಿಯೊ’ ಎನ್ನುತ್ತಾರೆ. ಸಾಮಾನ್ಯ ಜ್ವರಕ್ಕೂ ಸೂಜಿ ಹಾಕಿಸುವ ರೂಢಿಯಿದ್ದ ಭಾರತದಲ್ಲಿ, ಪೋಲಿಯೊ ಇದ್ದ ದಶಕಗಳಲ್ಲಿ, ಅನಗತ್ಯ ಚುಚ್ಚುಮದ್ದು ಅಂಗವೈಕಲ್ಯದ ಒಂದು ಕಾರಣವಾಗಿತ್ತು.

ಪ್ರಮುಖ ಪ್ರಕರಣಗಳು

ಅಮೆರಿಕದ ಸೈನ್ಯದಲ್ಲಿ 1942ರಲ್ಲಿ ಹಳದಿ ಜ್ವರದ ಲಸಿಕೆ ಪಡೆದ ಸುಮಾರು 50,000 ಸೈನಿಕರು ಕಾಮಾಲೆಯಿಂದ ಹಾಸಿಗೆ ಹಿಡಿದರು. ಲಸಿಕೆಯನ್ನು ಸ್ಥಿರಗೊಳಿಸಲು ಬೆರೆಸಿದ ಮಾನವ ರಕ್ತಸಾರದಲ್ಲಿ ಹೆಪಟೈಟಿಸ್ ಬಿ ವೈರಾಣು ಇತ್ತೆಂಬುದು 1980ರ ದಶಕದ ರಕ್ತ ಪರೀಕ್ಷೆಗಳಿಂದ ಖಚಿತವಾಯಿತು. ಲಕ್ಷಣವಿಲ್ಲದವರೂ ಸೇರಿ ಸೋಂಕು ತಗಲಿದವರು 3 ಲಕ್ಷಕ್ಕೂ ಹೆಚ್ಚು ಎಂದು ಅಂದಾಜಾಗಿದೆ.

ಈಜಿಪ್ಟಿನ ಪ್ರಕರಣ ಇಡೀ ದೇಶವನ್ನು ಆವರಿಸಿದ್ದು. ನೈಲ್ ನದಿಯ ಕಾಲುವೆಗಳ ನೀರಿನಿಂದ ಹರಡುವ ಶಿಸ್ಟೊಸೋಮಿಯಾಸಿಸ್ ಎಂಬ ಪರಾವಲಂಬಿ ಹುಳುವಿನ ರೋಗವನ್ನು ಅಳಿಸಲು 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಸರ್ಕಾರವೇ ಹಳ್ಳಿಹಳ್ಳಿಗಳಲ್ಲಿ ಟಾರ್ಟರ್ ಎಮೆಟಿಕ್ ಎಂಬ ಆಂಟಿಮನಿ ಔಷಧವನ್ನು ಅಭಿಧಮನಿಗೆ ಚುಚ್ಚಿಸಿತು. ಪ್ರತಿ ರೋಗಿಗೂ ವಾರಗಟ್ಟಲೆ ಹಲವು ಸೂಜಿ ಬೇಕಿದ್ದು, ಗಾಜಿನ ಸಿರಿಂಜುಗಳನ್ನು ಅವಸರದಲ್ಲಿ ಕುದಿಸಿ ಸರತಿಯವರಿಗೆಲ್ಲ ಬಳಸಿದ್ದರಿಂದ ಹೆಪಟೈಟಿಸ್ ಸಿ ದೇಶದಾದ್ಯಂತ ಹರಡಿತು. ನುಂಗುವ ಮಾತ್ರೆಯಾದ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಸೂಜಿ ನಿಂತರೂ ಸೋಂಕು ಉಳಿಯಿತು: 2008ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 59ರ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 15 ಮಂದಿಯ ರಕ್ತದಲ್ಲಿ ಅದರ ಪ್ರತಿಕಾಯಗಳಿದ್ದವು. ವೈರಾಣುವನ್ನು ನೇರವಾಗಿ ತಡೆಯುವ ಮಾತ್ರೆಗಳು ದೊರೆತ ಮೇಲೆ 2018ರಿಂದ ಈಜಿಪ್ಟ್ ಕೋಟ್ಯಂತರ ಜನರನ್ನು ಪರೀಕ್ಷಿಸಿ ಚಿಕಿತ್ಸೆ ನೀಡಿತು. ಒಂದು ಸಾರ್ವಜನಿಕ ಆರೋಗ್ಯ ಕಾರ್ಯಕ್ರಮ ಉಂಟುಮಾಡಿದ ರೋಗವನ್ನು ಅಷ್ಟೇ ದೊಡ್ಡ ಇನ್ನೊಂದು ಕಾರ್ಯಕ್ರಮ ಹಿಮ್ಮೆಟ್ಟಿಸಿದ ಅಪರೂಪದ ನಿದರ್ಶನವಿದು.

ಅಂದಿನ ಜೈರೆಯ ಯಂಬುಕು ಎಂಬಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1976ರಲ್ಲಿ ಪ್ರತಿ ಬೆಳಿಗ್ಗೆ ಐದು ಸಿರಿಂಜುಗಳನ್ನು ಕೊಡುತ್ತಿದ್ದರು. ರೋಗಿಯಿಂದ ರೋಗಿಗೆ ಹೋಗುವ ನಡುವೆ ಅವನ್ನು ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಅದ್ದಲಾಗುತ್ತಿತ್ತು. ಆ ವರ್ಷ ಅಲ್ಲಿಂದ ಹರಡಿದ ಹೊಸ ರೋಗಕ್ಕೆ ಸಮೀಪದ ನದಿಯ ಹೆಸರಿನಿಂದ ಎಬೋಲಾ ಎಂದು ಹೆಸರಾಯಿತು. 318 ರೋಗಿಗಳಲ್ಲಿ 280 ಮಂದಿ ಸತ್ತರು. ಸೂಜಿಯಿಂದ ಸೋಂಕು ತಗಲಿದವರಲ್ಲಿ ಬಹುತೇಕ ಯಾರೂ ಉಳಿಯಲಿಲ್ಲ. ಆಸ್ಪತ್ರೆ ಮುಚ್ಚಿದ ಮೇಲೆ ರೋಗದ ಹರಡುವಿಕೆ ಇಳಿಮುಖವಾಯಿತು.

ಎಚ್‌ಐವಿ ಕಾಲದ ಪ್ರಕರಣಗಳಲ್ಲಿ ಬಲಿಯಾದವರು ಹೆಚ್ಚಾಗಿ ಮಕ್ಕಳು. ಸೋವಿಯತ್ ಒಕ್ಕೂಟದ ಎಲಿಸ್ಟಾ ಮಕ್ಕಳ ಆಸ್ಪತ್ರೆಯ ಪ್ರಕರಣ 1988ರಲ್ಲಿ ತಿಳಿದುಬಂತು. ರೊಮೇನಿಯದ ಅನಾಥಾಲಯಗಳ ಸಾವಿರಾರು ಮಕ್ಕಳ ಸೋಂಕು 1989ರ ಆಡಳಿತ ಬದಲಾವಣೆಯ ನಂತರ ಹೊರಬಂತು. ಲಿಬಿಯದ ಬೆಂಗಾಜಿಯಲ್ಲಿ 1998ರಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಸೋಂಕು ಕಂಡಾಗ, ಉದ್ದೇಶಪೂರ್ವಕವಾಗಿ ವೈರಾಣು ಚುಚ್ಚಿದರೆಂದು ಬಲ್ಗೇರಿಯದ ಐವರು ದಾದಿಯರು ಮತ್ತು ಪ್ಯಾಲೆಸ್ಟೀನ್ ಮೂಲದ ಒಬ್ಬ ವೈದ್ಯರ ಮೇಲೆ ಆರೋಪ ಹೊರಿಸಿ ಮರಣದಂಡನೆ ವಿಧಿಸಲಾಯಿತು. ಮಕ್ಕಳ ದೇಹದಲ್ಲಿದ್ದ ವೈರಾಣುವಿನ ವಂಶವಾಹಿಗಳನ್ನು ಹೋಲಿಸಿ, ಅದು ಈ ಸಿಬ್ಬಂದಿ ಲಿಬಿಯಕ್ಕೆ ಬರುವ ಮೊದಲೇ ಆ ಆಸ್ಪತ್ರೆಯಲ್ಲಿ ಹರಡುತ್ತಿತ್ತೆಂದು 2006ರಲ್ಲಿ ವಿಜ್ಞಾನಿಗಳು ತೋರಿಸಿದರು. 2007ರ ಜುಲೈನಲ್ಲಿ ಆರೂ ಜನರ ಬಿಡುಗಡೆಯಾಯಿತು. ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ರತೊದೆರೊದಲ್ಲಿ 2019ರ ಏಪ್ರಿಲ್‌ನಿಂದ ಜುಲೈವರೆಗೆ ಪರೀಕ್ಷಿಸಿದ 31,239 ಜನರಲ್ಲಿ 930 ಮಂದಿಗೆ ಎಚ್‌ಐವಿ ಕಂಡುಬಂದು, ಅವರಲ್ಲಿ 763 ಮಂದಿ 16 ವರ್ಷಕ್ಕಿಂತ ಕೆಳಗಿನವರಾಗಿದ್ದರು. ಇಲ್ಲಿಯೂ ಮೊದಲು ಒಬ್ಬ ವೈದ್ಯರ ಬಂಧನವಾಯಿತು. ಸಿರಿಂಜು ಮತ್ತು ಡ್ರಿಪ್ಸ್ ಕೊಳವೆಗಳ ಮರುಬಳಕೆ ಆ ಊರಿನ ಅನೇಕ ಚಿಕಿತ್ಸಾಲಯಗಳ ದಿನಚರಿಯೇ ಆಗಿತ್ತೆಂದು ನಂತರದ ಪರಿಶೀಲನೆ ತಿಳಿಸಿತು.

ತಯಾರಿಕೆಯ ಹಂತದ ತಪ್ಪಿಗೆ ಅಮೆರಿಕದಲ್ಲಿ 2012ರಲ್ಲಿ ನಡೆದದ್ದು ದೊಡ್ಡ ಉದಾಹರಣೆ. ಮ್ಯಾಸಚೂಸೆಟ್ಸ್‌ನ ಔಷಧ ಮಿಶ್ರಣ ಘಟಕವೊಂದು ಬೆನ್ನುನೋವಿಗಾಗಿ ತಯಾರಿಸಿದ, ಸಂರಕ್ಷಕವಿಲ್ಲದ ಸ್ಟೀರಾಯ್ಡ್ ಸೀಸೆಗಳಲ್ಲಿ ಬೂಷ್ಟು ಬೆಳೆದು, ಅದನ್ನು ಬೆನ್ನುಹುರಿಯ ಬಳಿ ಚುಚ್ಚಿಸಿಕೊಂಡವರಿಗೆ ಮಿದುಳು ಪೊರೆಯ ಉರಿಯೂತವಾದ ಮೆನಿಂಜೈಟಿಸ್ ಬಂತು. 20 ರಾಜ್ಯಗಳ 753 ಮಂದಿ ರೋಗಕ್ಕೆ ಸಿಕ್ಕಿ, 64 ಮಂದಿ ಸತ್ತರು. ಚುಚ್ಚಿದ ವೈದ್ಯರ ಕೈಯಲ್ಲಿ ಯಾವ ಲೋಪವೂ ಇರಲಿಲ್ಲ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಈ ಶತಮಾನದ ಆರಂಭದಲ್ಲಿ ನಡೆದ ರಾಷ್ಟ್ರವ್ಯಾಪಿ ಅಧ್ಯಯನವೊಂದು ವರ್ಷಕ್ಕೆ ಸುಮಾರು 300 ಕೋಟಿ ಚುಚ್ಚುಮದ್ದುಗಳು ಬಳಕೆಯಾಗುತ್ತಿದ್ದು ಅವುಗಳಲ್ಲಿ ನೂರಕ್ಕೆ ಸುಮಾರು 63 ಅಸುರಕ್ಷಿತವೆಂದು ಲೆಕ್ಕಹಾಕಿತು. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಹರಡಿದ ಹೆಪಟೈಟಿಸ್ ಬಿ ಹತ್ತಾರು ಜನರನ್ನು ಕೊಂದಿತು; ಬಳಸಿದ ಸಿರಿಂಜುಗಳನ್ನು ಸಂಗ್ರಹಿಸಿ ಮತ್ತೆ ಮಾರುವ ಗುಜರಿ ಜಾಲ ಆಗ ಬಯಲಾಯಿತು. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮೌ ಬಳಿ, ಅರ್ಹತೆಯಿಲ್ಲದ ವೈದ್ಯನೊಬ್ಬ ಒಂದೇ ಸಿರಿಂಜಿನಿಂದ ಮನೆಮನೆಗೆ ಚುಚ್ಚುತ್ತಿದ್ದನೆಂಬ ಆರೋಪದೊಂದಿಗೆ ಹತ್ತಾರು ಎಚ್‌ಐವಿ ಪ್ರಕರಣಗಳು 2018ರ ಆರಂಭದಲ್ಲಿ ವರದಿಯಾದವು. ಮಧ್ಯಪ್ರದೇಶದ ಸಾಗರ್‌ನ ಶಾಲೆಯೊಂದರಲ್ಲಿ 2022ರ ಜುಲೈನಲ್ಲಿ ಕೋವಿಡ್ ಲಸಿಕೆ ಹಾಕಿದವನು ಸುಮಾರು 30 ವಿದ್ಯಾರ್ಥಿಗಳಿಗೆ ಒಂದೇ ಸಿರಿಂಜು ಬಳಸಿದ್ದ; ತನಗೆ ಒಂದೇ ಸಿರಿಂಜು ಕೊಟ್ಟು ಕಳುಹಿಸಿದ್ದರೆಂಬುದು ಅವನ ಉತ್ತರವಾಗಿತ್ತು.

ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳ ನೋಂದಣಿ ಮತ್ತು ತಪಾಸಣೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಅಡಿಯಲ್ಲಿ ನಡೆಯುತ್ತದೆ. ‘ಆರ್‌ಎಂಪಿ ಡಾಕ್ಟರು’ ಎಂದು ಜನ ಕರೆಯುವ ಅರ್ಹತೆಯಿಲ್ಲದ ಚಿಕಿತ್ಸಕರ ಮೇಲೆ ಜಿಲ್ಲಾಡಳಿತಗಳು ಕ್ರಮ ಕೈಗೊಳ್ಳುವುದೂ ಇದೇ ಕಾಯ್ದೆಯ ಬಲದಿಂದ. ಸಿರಿಂಜಿನ ಮಾತು ಬಿಟ್ಟು ದ್ರಾವಣದ ಶುದ್ಧತೆಯ ಪ್ರಶ್ನೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಎದ್ದಿತು. ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಹಲವು ಬಾಣಂತಿಯರು ಸತ್ತಾಗ, ಅಭಿಧಮನಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು, ರಾಜ್ಯ ಸರ್ಕಾರ ಆ ತಯಾರಕರ ದ್ರಾವಣದ ಬಳಕೆಯನ್ನು ತಡೆಹಿಡಿಯಿತು ಮತ್ತು ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟಿತು.

ತಡೆಯ ವಿಧಾನಗಳು

ಒಬ್ಬ ರೋಗಿಗೆ ಒಂದು ಸೂಜಿ, ಒಂದು ಸಿರಿಂಜು, ಒಂದೇ ಬಾರಿ ಎಂಬುದು ಮೂಲ ನಿಯಮ. ಒಬ್ಬರಿಗಾಗಿ ಇರುವ ಸೀಸೆಯಲ್ಲಿ ಮಿಕ್ಕದ್ದನ್ನು ಎಸೆಯಬೇಕು. ಹಲವರಿಗಾಗಿ ಇರುವ ಸೀಸೆಗೆ ಪ್ರತಿ ಬಾರಿಯೂ ಹೊಸ ಸೂಜಿ ಮತ್ತು ಹೊಸ ಸಿರಿಂಜು ಬಳಸಿ, ತೆರೆದ ದಿನಾಂಕವನ್ನು ಅದರ ಮೇಲೆ ಬರೆದು, ತಯಾರಕರು ಬೇರೆ ಹೇಳದಿದ್ದರೆ 28 ದಿನಗಳ ನಂತರ ಬಿಸಾಡಬೇಕು. ಇನ್ಸುಲಿನ್ ಪೆನ್ನನ್ನು, ಸೂಜಿ ಬದಲಿಸಿಯೂ, ಇಬ್ಬರಿಗೆ ಬಳಸಬಾರದು.

ಮನುಷ್ಯನ ನೆನಪು ಮತ್ತು ಪ್ರಾಮಾಣಿಕತೆಗೆ ಬಿಡದೆ ಮರುಬಳಕೆಯನ್ನೇ ಅಸಾಧ್ಯ ಮಾಡುವ ಉಪಕರಣವೆಂದರೆ ಸ್ವಯಂ ನಿಷ್ಕ್ರಿಯ ಸಿರಿಂಜು. ಇದರ ಕೊಳವೆಯೊಳಗಿನ ಪುಟ್ಟ ಲೋಹದ ಕೊಕ್ಕೆ, ದಂಡವನ್ನು ಒಮ್ಮೆ ಪೂರ್ತಿ ಒತ್ತಿದ ಮೇಲೆ ಅದನ್ನು ಹಿಂದೆಳೆಯಲು ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1999ರಲ್ಲಿ ಲಸಿಕೆ ಕಾರ್ಯಕ್ರಮಗಳಿಗೆ ಇದನ್ನು ಶಿಫಾರಸು ಮಾಡಿದವು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 2005ರಲ್ಲಿ ಅಳವಡಿಸಿಕೊಂಡಿತು. ಲಸಿಕೆಯ ಹೊರಗಿನ ಚಿಕಿತ್ಸೆಗೂ ಇಂಥ ಸಿರಿಂಜುಗಳೇ ಇರಲೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕರೆಕೊಟ್ಟಿತು. ಈ ಸಿರಿಂಜು ಸಿರಿಂಜಿನ ಮರುಬಳಕೆಯನ್ನು ಮಾತ್ರ ತಡೆಯುತ್ತದೆ. ಸೀಸೆಯ ಮಾಲಿನ್ಯವನ್ನಾಗಲಿ ಹಂಚಿಕೆಯ ಡ್ರಿಪ್ಸ್ ಬಾಟಲಿಯನ್ನಾಗಲಿ ತಡೆಯದು.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದೆಂಬುದು ಸಿಬ್ಬಂದಿಯ ರಕ್ಷಣೆಗಾಗಿ ಇರುವ ನಿಯಮ. ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳು ಚುಚ್ಚಲಾಗದ ಬಿಳಿಯ ಡಬ್ಬಿಗೂ, ಸೂಜಿ ತೆಗೆದ ಪ್ಲಾಸ್ಟಿಕ್ ಸಿರಿಂಜು ಕೆಂಪು ಚೀಲಕ್ಕೂ ಹೋಗಬೇಕು.

ಅತ್ಯಂತ ಅಗ್ಗದ ತಡೆ ಚುಚ್ಚುಮದ್ದನ್ನೇ ಕಡಿಮೆ ಮಾಡುವುದು. ನುಂಗುವ ಔಷಧದಿಂದ ವಾಸಿಯಾಗುವ ಜ್ವರ, ಭೇದಿ, ಸುಸ್ತುಗಳಿಗೂ ಸೂಜಿ ಕೇಳುವ ರೋಗಿ ಮತ್ತು ಸೂಜಿ ಕೊಡದಿದ್ದರೆ ರೋಗಿ ಬೇರೆ ಕಡೆ ಹೋದಾನೆಂದು ಅಂಜುವ ವೈದ್ಯ, ಇಬ್ಬರೂ ಸೇರಿ ಈ ಬೇಡಿಕೆಯನ್ನು ಉಳಿಸಿದ್ದಾರೆ. ಸಿರಿಂಜಿನ ಸುಧಾರಣೆಗೆ ಸಿಕ್ಕಷ್ಟು ಹಣ ಮತ್ತು ಗಮನ ಇದಕ್ಕೆ ಸಿಕ್ಕಿಲ್ಲ.

ಈಗಿನ ಸ್ಥಿತಿ

ಅಭಿವೃದ್ಧಿಶೀಲ ದೇಶಗಳಲ್ಲಿ 2000ನೇ ವರ್ಷದಲ್ಲಿ ನೂರಕ್ಕೆ ಸುಮಾರು 40 ಚುಚ್ಚುಮದ್ದುಗಳನ್ನು ಮರುಬಳಕೆಯ ಉಪಕರಣದಿಂದ ಕೊಡಲಾಗುತ್ತಿತ್ತು. ಆ ಒಂದೇ ವರ್ಷ ಅದರಿಂದ 2.1 ಕೋಟಿ ಹೆಪಟೈಟಿಸ್ ಬಿ, 20 ಲಕ್ಷ ಹೆಪಟೈಟಿಸ್ ಸಿ ಮತ್ತು 2.6 ಲಕ್ಷ ಎಚ್‌ಐವಿ ಸೋಂಕುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು. 2010ರ ಹೊತ್ತಿಗೆ ಮರುಬಳಕೆ ನೂರಕ್ಕೆ 5.5ಕ್ಕೆ ಇಳಿದು, ಸೋಂಕುಗಳ ಅಂದಾಜು ಕ್ರಮವಾಗಿ 17 ಲಕ್ಷ, ಹೆಚ್ಚೆಂದರೆ 3.15 ಲಕ್ಷ ಮತ್ತು ಸುಮಾರು 34,000ಕ್ಕೆ ಬಂತು. ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ವ್ಯಾಪಕವಾದದ್ದೂ ಈ ಇಳಿಕೆಗೆ ಒಂದು ಕಾರಣ. ಇದೇ ಅವಧಿಯಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ ಪಡೆಯುವ ಚುಚ್ಚುಮದ್ದುಗಳ ಸರಾಸರಿ 3.40ರಿಂದ 2.88ಕ್ಕೆ ಮಾತ್ರ ಇಳಿಯಿತು.

ವೈರಾಣುವಿನ ವಂಶವಾಹಿಗಳನ್ನು ಹೋಲಿಸಿ ಒಂದೇ ಮೂಲದಿಂದ ಬಂದ ಸೋಂಕುಗಳನ್ನು ಗುರುತಿಸುವ ವಿಧಾನ ಈಗ ತನಿಖೆಯ ಮುಖ್ಯ ಸಾಧನವಾಗಿದೆ. ಭಾರತದಲ್ಲಿ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಹೆಪಟೈಟಿಸ್ ಬಿ ಮತ್ತು ಸಿ ಸೋಂಕಿತರಿಗೆ ಉಚಿತ ಪರೀಕ್ಷೆ ಮತ್ತು ಚಿಕಿತ್ಸೆ ಒದಗಿಸುತ್ತಿದೆ. ಸುರಕ್ಷಿತ ಚುಚ್ಚುಮದ್ದಿನ ಪ್ರಚಾರವೂ ಅದರ ತಡೆಗಟ್ಟುವಿಕೆಯ ಭಾಗವಾಗಿದೆ.